ನಿಡಘಟ್ಟದಿಂದ ನೇರ ಪೂರ್ವಕ್ಕೆ

ಬೆಂಗಳೂರು–ಮೈಸೂರು ರಸ್ತೆಯಲ್ಲಿ ಓಡಾಡುವವರೆಲ್ಲ ನಮ್ಮೂರನ್ನು ಕಂಡಿದ್ದಾರೆ, ಇಳಿದವರು ಮಾತ್ರ ಕಡಿಮೆ. ಚನ್ನಪಟ್ಟಣ ಹಿಂದಾಗಿ ಮದ್ದೂರು ಇನ್ನೂ ಬಾರದಿರುವಾಗ ಸಿಗುವ ಊರು ನಿಡಘಟ್ಟ. ಬೊಂಬೆ ಅಲ್ಲಿ, ವಡೆ ಇಲ್ಲಿ; ನಡುವೆ ನಾವು. ಮಂಡ್ಯ ಜಿಲ್ಲೆಯ ಹೊಸ್ತಿಲು ಎಂಬ ಹೆಮ್ಮೆಯೊಂದನ್ನು ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ನಮಗಿರಲಿಲ್ಲ. ಮೈಸೂರಿನ ಹೊಸ ಹೆದ್ದಾರಿಯ ಕಾಮಗಾರಿಯನ್ನು ‘ಬೆಂಗಳೂರು–ನಿಡಘಟ್ಟ’, ‘ನಿಡಘಟ್ಟ–ಮೈಸೂರು’ ಎಂದು ಎರಡು ಭಾಗ ಮಾಡಿದಾಗ ನಮ್ಮೂರಿನ ಹೆಸರು ದೆಹಲಿಯ ಕಡತಗಳಿಗೂ ಹೋಯಿತು. 118 ಕಿ.ಮೀ. ಉದ್ದದ ಆ ರಸ್ತೆ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದರಲ್ಲಿ ನಮ್ಮದೂ ಒಂದಿಷ್ಟು ಜಮೀನು ಸೇರಿದೆ. ಹದಿನಾಲ್ಕು ತೆಂಗಿನ ಮರ, ಒಂದು ಬಾವಿ, ಅಪ್ಪ ನೆಟ್ಟಿದ್ದ ಹಲಸು. ಪರಿಹಾರದ ಹಣ ಬಂತು. ಅದರ ಬಗ್ಗೆ ದೂರು ಹೇಳಲು ನಾನಿದನ್ನು ಬರೆಯುತ್ತಿಲ್ಲ. ಆ ಹಣದಲ್ಲಿ ಒಂದು ಪಾಲನ್ನು ನಾವಿಬ್ಬರು ಹೇಗೆ ಸಮುದ್ರದ ನಡುವೆ ಖರ್ಚು ಮಾಡಿ ಬಂದೆವು ಎಂಬುದಷ್ಟೇ ಇಲ್ಲಿಯ ವಿಷಯ.

ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ಸಮಾಜ ಪಾಠ ಹೇಳಿ ನಿವೃತ್ತನಾದವನು. ಅಂಡಮಾನ್ ದ್ವೀಪಗಳನ್ನೂ ನಿಕೋಬಾರ್ ದ್ವೀಪಗಳನ್ನೂ ಬೇರ್ಪಡಿಸುವುದು ಯಾವುದು ಎಂದು ಪ್ರತಿವರ್ಷ ಪ್ರಶ್ನೆ ಕೇಳಿದ್ದೇನೆ; ‘ಹತ್ತು ಡಿಗ್ರಿ ಕಾಲುವೆ’ ಎಂದು ಮಕ್ಕಳು ಬರೆದದ್ದಕ್ಕೆ ಒಂದು ಅಂಕ ಕೊಟ್ಟಿದ್ದೇನೆ. ಆದರೆ ನಾನು ಕಂಡಿದ್ದ ಅತ್ಯಂತ ದೂರದ ನೀರು ಕನ್ಯಾಕುಮಾರಿಯದು. ನನ್ನಾಕೆ ಮಳವಳ್ಳಿ ಕಡೆಯವಳು. ಅವಳ ಪಾಲಿಗೆ ದ್ವೀಪವೆಂದರೆ ಶಿವನಸಮುದ್ರ. ಕಾವೇರಿ ಎರಡಾಗಿ ಒಡೆದು ಒಂದು ಕಡೆ ಗಗನಚುಕ್ಕಿ, ಇನ್ನೊಂದು ಕಡೆ ಭರಚುಕ್ಕಿಯಾಗಿ ಧುಮುಕುವ ನಡುವಿನ ನೆಲ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದದ್ದು ಅಲ್ಲಿಂದ ಎಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಮದುವೆಯಾಗಿ ನಮ್ಮ ಮನೆಗೆ ಬಂದ ಮೇಲೆ ಮೂರು ರಾತ್ರಿಗಿಂತ ಹೆಚ್ಚು ಅವಳು ಹೊರಗೆ ಉಳಿದದ್ದಿಲ್ಲ. ಕಾರಣ ಹಸು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಲು ಕರೆದು ಡೇರಿಗೆ ಹಾಕುವವರಿಗೆ ಭಾನುವಾರವೂ ಇಲ್ಲ, ಯುಗಾದಿಯೂ ಇಲ್ಲ.

ಬೆಂಗಳೂರಿನಲ್ಲಿರುವ ಮಗ ರಸ್ತೆಯಾದಾಗಿನಿಂದ ಒಂದೇ ಮಾತು ಹೇಳುತ್ತಿದ್ದ. ಉಳಿದ ಜಮೀನಿಗೆ ಈಗ ಒಳ್ಳೆಯ ಬೆಲೆ ಇದೆ, ಮಾರಿಬಿಡೋಣ, ಹಸುಗಳನ್ನು ಯಾರಿಗಾದರೂ ಕೊಟ್ಟು ನಮ್ಮ ಜೊತೆ ಬಂದಿರಿ ಎಂದು. ತಪ್ಪು ಮಾತಲ್ಲ. ಇಬ್ಬರಿಗೂ ಮಂಡಿ ನೋವು, ಮೊಮ್ಮಗಳು ಅಲ್ಲಿ. ನಾನು ಅರ್ಧ ಒಪ್ಪಿದ್ದೆ. ನನ್ನಾಕೆ ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ. “ಮೊದಲು ಕಾಶಿಗೆ ಹೋಗಿ ಬರಾಣ, ಆಮೇಲೆ ನೋಡಾಣ” ಎಂದಳು. ಕಾಶಿಯವರೆಗೆ ಹೋಗುವುದಾದರೆ ಕಲ್ಕತ್ತೆ ದೂರವಲ್ಲ, ಕಲ್ಕತ್ತೆಗೆ ಹೋದರೆ ಅಲ್ಲಿಂದ ಅಂಡಮಾನಿಗೆ ಹಡಗಿದೆ ಎಂದು ನಾನು ಭೂಪಟ ಬಿಚ್ಚಿದೆ. ಅವಳು ಒಂದು ಷರತ್ತು ಹಾಕಿದಳು. “ಎಲ್ಲಾದ್ರೂ ಒಂದ್ ಮೂರ್ ದಿನ ಏನೂ ತೋರ್ಸದೆ ಸುಮ್ನೆ ಕೂರ್ಸೋದಾದ್ರೆ ಬರ್ತೀನಿ ಕಣ್ರೀ.”

ಹಾಗೆ 2024ರ ಜನವರಿಯ ಕೊನೆಯಲ್ಲಿ, ಮೂರು ಹಸುಗಳನ್ನು ನನ್ನ ತಮ್ಮನ ಮನೆಗೆ ಒಪ್ಪಿಸಿ ಹೊರಟೆವು. ಅದರಲ್ಲೊಂದು ಗಬ್ಬದ ಹಸು. ತಿಂಗಳ ಕೊನೆಗೆ ಕರು ಹಾಕಬೇಕಿತ್ತು. ಬಸ್ಸು ಹತ್ತುವವರೆಗೂ ನಮ್ಮ ಮಾತು ಕಾಶಿಯ ಬಗ್ಗೆ ಇರಲಿಲ್ಲ, ಆ ಹಸುವಿನ ಬಗ್ಗೆ ಇತ್ತು.

ರೈಲಿನಲ್ಲಿ ಎರಡು ರಾತ್ರಿ, ಕಾಶಿಯಲ್ಲಿ ನಾಲ್ಕು ದಿನ, ಗಯೆಯಲ್ಲಿ ಹಿರಿಯರ ಕಾರ್ಯ, ಕಲ್ಕತ್ತೆಯಲ್ಲಿ ಬೇಲೂರು ಮಠ, ದಕ್ಷಿಣೇಶ್ವರ. ಇವುಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಹೇಳಬೇಕಾದ್ದು ಒಂದೇ: ಯಾತ್ರೆಯೆಂಬುದು ನಮ್ಮ ವಯಸ್ಸಿನವರಿಗೆ ಪುಣ್ಯ ಕೊಡುವ ಮೊದಲು ಕಾಲುನೋವು ಕೊಡುತ್ತದೆ. ಕಲ್ಕತ್ತೆ ತಲುಪುವ ಹೊತ್ತಿಗೆ ನನ್ನಾಕೆಯ ಪಾದ ಊದಿತ್ತು.

ಕರಿನೀರು ದಾಟಿ

ಕಲ್ಕತ್ತೆಯಿಂದ ಪೋರ್ಟ್ ಬ್ಲೇರ್‌ಗೆ ವಿಮಾನದಲ್ಲಿ ಎರಡು ಗಂಟೆ ಸಾಕು. ಹಡಗಿನಲ್ಲಿ ಮೂರು ರಾತ್ರಿ. ಹಡಗೇ ಬೇಕೆಂದು ಹಟ ಹಿಡಿದವನು ನಾನು. ಸುಮಾರು 1250 ಕಿ.ಮೀ. ನೀರಿನ ದಾರಿ. ಹೊರಟ ಮೇಲೆ ಬಹಳ ಹೊತ್ತು ಸಮುದ್ರವೇ ಸಿಗುವುದಿಲ್ಲ. ಹೂಗ್ಲಿ ನದಿಯಲ್ಲೇ ಹಡಗು ಉಬ್ಬರದ ನೀರು ನೋಡಿಕೊಂಡು ನಿಧಾನವಾಗಿ ಇಳಿಯುತ್ತದೆ. ದಡ ದೂರವಾಗುತ್ತ ಆಗುತ್ತ, ಕೆಂಪು ನೀರು ಹಸಿರಾಗಿ, ಹಸಿರು ನೀಲಿಯಾಗಿ, ಮರುದಿನ ಮಧ್ಯಾಹ್ನದ ಹೊತ್ತಿಗೆ ಮಸಿಯಂತೆ ಕಪ್ಪಾಯಿತು. ‘ಕರಿನೀರಿನ ಶಿಕ್ಷೆ’ ಎಂದು ಪಾಠದಲ್ಲಿ ಹೇಳುವಾಗ ಅದು ಬರಿಯ ಮಾತಿನ ಅಲಂಕಾರವೆಂದುಕೊಂಡಿದ್ದೆ. ನೀರು ನಿಜವಾಗಿಯೂ ಕಪ್ಪೇ. ಆಳ ಹೆಚ್ಚಾದಂತೆ ತಳದಿಂದ ಬೆಳಕು ಹಿಂದಿರುಗುವುದಿಲ್ಲ, ಅದಕ್ಕೆ.

ನನ್ನಾಕೆಗೆ ಮೊದಲ ದಿನ ಓಕರಿಕೆ. ಎರಡನೆಯ ದಿನ ಮಲಗಿಯೇ ಇದ್ದಳು. ಮೂರನೆಯ ದಿನ ಎದ್ದು ಮೇಲಿನ ಅಟ್ಟಕ್ಕೆ ಬಂದು, ಹಾರುವ ಮೀನುಗಳನ್ನು ನೋಡಿ, “ಇಷ್ಟು ನೀರು ಇಟ್ಕೊಂಡು ಒಂದು ಗುಟುಕು ಕುಡಿಯಕ್ಕಾಗಲ್ಲವಲ್ಲ” ಎಂದಳು. ನಾಲೆಯ ನೀರಿಗೆ ಕಾದು ಕೂತ ಮಂಡ್ಯದವರಿಗೆ ಮೊದಲು ಹೊಳೆಯುವುದು ಅದೇ.

ನಾಲ್ಕನೆಯ ಬೆಳಿಗ್ಗೆ ಬೆಟ್ಟಗಳು ಕಂಡವು. ಅಂಡಮಾನೆಂದರೆ ತಟ್ಟೆಯಂಥ ಮರಳ ದಿಬ್ಬವಲ್ಲ. ಬರ್ಮಾದ ಅರಕಾನ್ ಯೋಮ ಪರ್ವತಶ್ರೇಣಿ ಸಮುದ್ರದಲ್ಲಿ ಮುಳುಗಿ, ಅದರ ತುದಿಗಳು ಮಾತ್ರ ನೀರಿನ ಮೇಲೆ ಉಳಿದಿವೆ. ಬಂಡೆ, ದಿಬ್ಬ ಎಲ್ಲ ಸೇರಿಸಿ ಅಂಡಮಾನ್–ನಿಕೋಬಾರಿನಲ್ಲಿ 836 ದ್ವೀಪಗಳೆಂದು ಲೆಕ್ಕ; ಜನರಿರುವುದು ಮೂವತ್ತು ಚಿಲ್ಲರೆಯಲ್ಲಿ. 2011ರ ಜನಗಣತಿಯಲ್ಲಿ ಒಟ್ಟು ಜನಸಂಖ್ಯೆ ಮೂರು ಲಕ್ಷದ ಎಂಬತ್ತು ಸಾವಿರ. ಭೂಪಟದಲ್ಲಿ ನಮ್ಮೂರಿಂದ ನೇರ ಪೂರ್ವಕ್ಕೆ ಗೆರೆ ಎಳೆದರೆ ಅದು ಬಂಗಾಳ ಕೊಲ್ಲಿಯನ್ನು ದಾಟಿ ಅಂಡಮಾನಿನ ರಂಗತ್, ಮಾಯಾಬಂದರ್‌ಗಳ ನಡುವೆ ಮುಟ್ಟುತ್ತದೆ. ನಾವು ಉತ್ತರಕ್ಕೆ ಕಾಶಿಯವರೆಗೆ ಸುತ್ತಿ ಬಂದು ಸೇರಿದ್ದು ನಮ್ಮದೇ ಅಕ್ಷಾಂಶಕ್ಕೆ! ನಾವು ಹೋದಾಗ ಪೋರ್ಟ್ ಬ್ಲೇರ್ ಎನ್ನುತ್ತಿದ್ದ ಊರಿಗೆ 2024ರ ಸೆಪ್ಟೆಂಬರಿನಲ್ಲಿ ಶ್ರೀ ವಿಜಯಪುರಂ ಎಂದು ಹೆಸರಾಗಿದೆ. ಪರೀಕ್ಷೆಗೆ ಕೂರುವ ಮಕ್ಕಳು ಗಮನಿಸಬೇಕು.

ಸೆಲ್ಯುಲರ್ ಜೈಲನ್ನು ನೋಡದೆ ಮುಂದೆ ಹೋಗುವ ಹಾಗಿಲ್ಲ. 1857ರ ದಂಗೆಯ ಮರುವರ್ಷವೇ ಇಲ್ಲಿಗೆ ಕೈದಿಗಳನ್ನು ತಂದು ಬಿಟ್ಟರು. ಜೈಲು ಕಟ್ಟಿದ್ದು 1896ರಿಂದ 1906ರವರೆಗೆ. ನಡುವೆ ಗೋಪುರ, ಅದರಿಂದ ಗಾಡಿಚಕ್ರದ ಅರೆಗಳಂತೆ ಏಳು ಸಾಲು ಕಟ್ಟಡ. ಈಗ ಉಳಿದಿರುವುದು ಮೂರು. ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಒಂದು ಸಾಲಿನ ಬಾಗಿಲು ಇನ್ನೊಂದು ಸಾಲಿನ ಬೆನ್ನಿಗೆ. ಮನುಷ್ಯನ ಮುಖ ಮನುಷ್ಯನಿಗೆ ಕಾಣಬಾರದೆಂದೇ ಆ ನಕ್ಷೆ. ಸಾವರ್ಕರ್ ಸೋದರರು, ಬಾರೀಂದ್ರ ಘೋಷ್, ಉಲ್ಲಾಸಕರ ದತ್ತ ಇದ್ದದ್ದು ಇಲ್ಲಿ. 1933ರ ಉಪವಾಸ ಸತ್ಯಾಗ್ರಹದಲ್ಲಿ ಬಲವಂತವಾಗಿ ಹಾಲು ಹುಯ್ಯಲು ಹೋಗಿ ಮಹಾವೀರ ಸಿಂಗ್ ಪ್ರಾಣ ತೆಗೆದದ್ದೂ ಇಲ್ಲೇ.

ನನ್ನಾಕೆ ಬಹಳ ಹೊತ್ತು ನಿಂತದ್ದು ಗಾಣದ ಮುಂದೆ. ಕೈದಿಗಳು ಅದನ್ನು ತಿರುಗಿಸಿ ದಿನಕ್ಕೆ 30 ಪೌಂಡ್, ಅಂದರೆ ಹದಿಮೂರೂವರೆ ಕಿಲೋ ಕೊಬ್ಬರಿ ಎಣ್ಣೆ ತೆಗೆಯಬೇಕಿತ್ತು. ತಪ್ಪಿದರೆ ಛಡಿ. ನಮ್ಮ ಕಡೆ ಆಲೆಮನೆಯ ಗಾಣಕ್ಕೆ ಎತ್ತು ಕಟ್ಟುತ್ತಿದ್ದುದನ್ನು ಅವಳು ಚಿಕ್ಕಂದಿನಲ್ಲಿ ನೋಡಿದ್ದಾಳೆ. “ಎತ್ತಿಗೂ ಮಧ್ಯಾಹ್ನ ಬಿಚ್ಚಿ ನೀರು ತೋರ್ಸೋರು” ಎಂದಷ್ಟೇ ಹೇಳಿದಳು. ರಾಜಕೀಯ ಕೈದಿಗಳಲ್ಲಿ ಉಳಿದಿದ್ದವರನ್ನು ಭೂಭಾಗಕ್ಕೆ ವಾಪಸು ಕಳಿಸಿದ್ದು 1938ರ ಜನವರಿಯಲ್ಲಿ. ಅದೇ ವರ್ಷದ ಏಪ್ರಿಲಿನಲ್ಲಿ ನಮ್ಮ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಎರಡನ್ನೂ ಬೇರೆ ಬೇರೆ ಪಾಠಗಳಲ್ಲಿ ಹೇಳಿದ್ದೇನೆ. ಒಂದೇ ವರ್ಷ ಎಂಬುದು ಆ ಗಾಣದ ಮುಂದೆ ನಿಂತಾಗ ಹೊಳೆಯಿತು.

ಬಾರಾಟಾಂಗ್‌ಗೆ ಹೋಗಿ ಸುಣ್ಣದ ಗುಹೆ ನೋಡಿ ಎಂದು ಟ್ಯಾಕ್ಸಿಯವರು ದುಂಬಾಲು ಬಿದ್ದರು. ದಾರಿ ಜಾರವಾ ಬುಡಕಟ್ಟಿನವರ ಕಾಡನ್ನು ಸೀಳಿಕೊಂಡು ಹೋಗುತ್ತದೆ. ಆ ಭಾಗದ ರಸ್ತೆಯನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದ್ದರೂ ವಾಹನಗಳು ಸಾಲುಗಟ್ಟಿ ಓಡುತ್ತವೆ. ಗುಹೆಗಿಂತ ದಾರಿಯಲ್ಲಿ ‘ಅವರು ಕಂಡಾರು’ ಎಂಬ ಆಸೆಗೇ ಹೋಗುವವರು ಹೆಚ್ಚೆಂದು ನನ್ನ ಅನುಮಾನ. ರಸ್ತೆ ಪಕ್ಕದ ಊರಿನವರಾದ ನಮಗೆ ಕಿಟಕಿಯಿಂದ ನೋಡಿಸಿಕೊಳ್ಳುವುದು ಏನೆಂದು ತಕ್ಕಮಟ್ಟಿಗೆ ಗೊತ್ತು. ಹೋಗಲಿಲ್ಲ. ಷರತ್ತಿನ ಮೂರು ದಿನಕ್ಕೆ ನಾನು ಆರಿಸಿಕೊಂಡಿದ್ದು ನೀಲ್ ದ್ವೀಪವನ್ನು.

ಸೀತಾಪುರ, ಭರತಪುರ, ರಾಮನಗರ

ಪೋರ್ಟ್ ಬ್ಲೇರಿನ ಫೀನಿಕ್ಸ್ ಬೇ ಧಕ್ಕೆಯಿಂದ ಸರ್ಕಾರಿ ದೋಣಿಯಲ್ಲಿ ಸುಮಾರು ಎರಡು ಗಂಟೆಯ ದಾರಿ. 1857ರ ಕಾಲದ ಇಂಗ್ಲಿಷ್ ಸೇನಾಧಿಕಾರಿ ನೀಲ್‌ನ ಹೆಸರಿನಲ್ಲಿದ್ದ ಈ ದ್ವೀಪಕ್ಕೆ 2018ರ ಡಿಸೆಂಬರಿನಲ್ಲಿ ‘ಶಹೀದ್ ದ್ವೀಪ’ ಎಂದು ಹೆಸರಿಟ್ಟರು. ಪಕ್ಕದ ಹ್ಯಾವ್ಲಾಕ್ ‘ಸ್ವರಾಜ್ ದ್ವೀಪ’ವಾಯಿತು. 1943ರ ಡಿಸೆಂಬರ್ 30ರಂದು ಪೋರ್ಟ್ ಬ್ಲೇರಿನಲ್ಲಿ ಬಾವುಟ ಹಾರಿಸಿದ ನೇತಾಜಿಯವರು ಅಂಡಮಾನ್, ನಿಕೋಬಾರ್‌ಗಳಿಗೆ ಬಯಸಿದ್ದ ಹೆಸರುಗಳು ಇವು. ದೋಣಿಯಲ್ಲಿದ್ದವರೆಲ್ಲ ಮಾತ್ರ ‘ನೀಲ್’ ಎಂದೇ ಅನ್ನುತ್ತಿದ್ದರು.

ಹ್ಯಾವ್ಲಾಕ್‌ನಷ್ಟು ಹೆಸರು ಇದಕ್ಕಿಲ್ಲ. ಅಲ್ಲಿಯ ರಾಧಾನಗರ ಕಡಲತೀರಕ್ಕೆ ಜನ ಸೇರುತ್ತಾರೆ, ದೊಡ್ಡ ಹೋಟೆಲುಗಳಿವೆ. ನೀಲ್ ಒಂದು ತುದಿಯಿಂದ ಇನ್ನೊಂದಕ್ಕೆ ಐದಾರು ಕಿ.ಮೀ. ಇರುವ, ಮಟ್ಟಸವಾದ, ರೈತರ ದ್ವೀಪ. ಧಕ್ಕೆಯಿಂದ ಆಚೆ ಬಂದು ಆಟೋ ಹತ್ತಿದ ಹತ್ತು ನಿಮಿಷಕ್ಕೆ ನನ್ನಾಕೆ ನನ್ನ ಕಡೆ ತಿರುಗಿ ನಕ್ಕಳು. “ಇದನ್ನ ನೋಡಕ್ಕಾ ಇಷ್ಟು ದೂರ ಬಂದಿದ್ದು? ನಮ್ಮ ಬೆಸಗರಹಳ್ಳಿ ಕಡೆ ಇದ್ದ ಹಾಗದೆ!” ಎರಡೂ ಬದಿಗೆ ಗದ್ದೆ, ಬದನೆ, ಹೀರೆ ಚಪ್ಪರ, ಬಾಳೆ, ಅಡಿಕೆ, ತೆಂಗು. ಅಂಡಮಾನಿನ ತರಕಾರಿ ಬುಟ್ಟಿ ಎಂದು ಈ ದ್ವೀಪಕ್ಕೆ ಹೆಸರು. ಒಂದೇ ವ್ಯತ್ಯಾಸ: ಗದ್ದೆಯ ಕೊನೆಯಲ್ಲಿ ನಮ್ಮಲ್ಲಿ ನಾಲೆ ಇರುತ್ತದೆ, ಇಲ್ಲಿ ತಿಳಿಹಸಿರು ಬಣ್ಣದ ಸಮುದ್ರವಿತ್ತು.

ನಾವಿಳಿದುಕೊಂಡದ್ದು ಒಂದು ಬಂಗಾಳಿ ಕುಟುಂಬ ತನ್ನ ಹಿತ್ತಲಿನಲ್ಲಿ ಕಟ್ಟಿದ್ದ ನಾಲ್ಕು ಕೋಣೆಗಳಲ್ಲಿ ಒಂದರಲ್ಲಿ. ಮನೆಯೊಡತಿಯನ್ನು ಎಲ್ಲರೂ ‘ಮಾಶಿ’ ಎನ್ನುತ್ತಿದ್ದರು. ನಮ್ಮ ಚಿಕ್ಕಮ್ಮನಿದ್ದ ಹಾಗೆ. ಅಡುಗೆ ಅವರದೇ. ಮೀನು ಬೇಡವೆಂದದ್ದಕ್ಕೆ ಆಕೆ ನಮ್ಮನ್ನು ಕಾಯಿಲೆಯವರನ್ನು ನೋಡುವಂತೆ ನೋಡಿದರು.

ಮೊದಲ ದಿನ ನನ್ನಾಕೆ ನಿಜಕ್ಕೂ ಸುಮ್ಮನೆ ಕೂತಳು. ಭರತಪುರದ ಮರಳ ಮೇಲೆ, ಸುರಹೊನ್ನೆ ಮರದ ನೆರಳಿನಲ್ಲಿ, ಊದಿದ ಪಾದಗಳನ್ನು ಬೆಚ್ಚಗಿನ ಉಪ್ಪುನೀರಿಗೆ ಇಳಿಬಿಟ್ಟು, ಏನೂ ಮಾಡದೆ. ಅಲೆಯೆಂದು ಹೇಳುವಂಥ ಅಲೆಯಿಲ್ಲ, ಸೋಪಾನದ ಕೊಳದಂತೆ ನೀರು. ಮಧ್ಯಾಹ್ನ ಅಲ್ಲೇ ಒರಗಿ ನಿದ್ದೆ ಹೋದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಜ್ವರವಿಲ್ಲದೆ ಅವಳು ಹಗಲು ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಎಬ್ಬಿಸಲು ಮನಸ್ಸಾಗದೆ ನಾನೂ ಕೂತೆ. ನಮ್ಮೂರ ಸಮೀಪದ ಕೊಕ್ಕರೆ ಬೆಳ್ಳೂರಿಗೆ ಪ್ರತಿವರ್ಷ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಬರುತ್ತವೆ. ಅವು ಹುಣಸೆ ಮರದ ಮೇಲೆ ಗಂಟೆಗಟ್ಟಲೆ ಅಲುಗಾಡದೆ ನಿಂತಿರುವುದನ್ನು ತೋರಿಸಲು ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೆ. ದೂರದಿಂದ ಹಾರಿ ಬಂದವಕ್ಕೆ ಏನನ್ನಿಸುತ್ತದೆಂದು ಯಾವ ಮಗುವೂ ನನ್ನನ್ನು ಕೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ಕಣ್ಣು ಬಿಟ್ಟಾಗ ಅವಳು ಹಾಸಿಗೆಯಲ್ಲಿರಲಿಲ್ಲ. ಹಿತ್ತಲ ಕೊಟ್ಟಿಗೆಯಲ್ಲಿ ಮಾಶಿಯ ಹಸುವಿನ ಹಾಲು ಕರೆಯುತ್ತಿದ್ದಳು! ಆ ಹಸು ಹಿಂದಿನ ದಿನ ಮಾಶಿಯನ್ನು ಒದ್ದಿತ್ತಂತೆ. ಕೆಚ್ಚಲಿನಲ್ಲಿ ಗಾಯವಿದೆಯೆಂದು ಇವಳು ಕಂಡುಹಿಡಿದು, ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚಿ, ಮೈದಡವಿ ಕರೆದಳಂತೆ. ಇವಳಿಗೆ ಕನ್ನಡ ಬಿಟ್ಟು ಬೇರೆ ಬಾರದು, ಅವರಿಗೆ ಬಂಗಾಳಿ, ಅಷ್ಟಿಷ್ಟು ಹಿಂದಿ. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಧಾರಾಳವಾಗಿ ಮಾತಾಡಿಕೊಳ್ಳುತ್ತಿದ್ದರು. ವಿಶ್ರಾಂತಿಯ ಷರತ್ತು ಹಾಕಿದವಳು ನೀನಲ್ಲವೇ ಎಂದರೆ, “ಇದೇನು ಕೆಲ್ಸಾನಾ?” ಎಂದಳು. ಆಮೇಲೆ, “ಇಲ್ಲಿ ಎಷ್ಟು ಬೇಗ ಬೆಳಕಾಯ್ತದೆ ಕಣ್ರೀ, ಐದೂಮುಕ್ಕಾಲಕ್ಕೆ ಸೂರ್ಯ ಬಂದುಬಿಟ್ಟ.”

ಸಿಕ್ಕಿತಲ್ಲ ಎಂದು ನಾನು ಮೇಷ್ಟರಾದೆ. ಭೂಮಿ ಒಂದು ಡಿಗ್ರಿ ರೇಖಾಂಶ ತಿರುಗಲು ನಾಲ್ಕು ನಿಮಿಷ ಬೇಕು. ನಿಡಘಟ್ಟ ಸುಮಾರು 77 ಡಿಗ್ರಿ ಪೂರ್ವ, ಅಂಡಮಾನ್ ಹತ್ತಿರ ಹತ್ತಿರ 93. ಹದಿನಾರನ್ನು ನಾಲ್ಕರಿಂದ ಗುಣಿಸಿದರೆ ಅರವತ್ತನಾಲ್ಕು ನಿಮಿಷ. ಅಷ್ಟು ಮೊದಲು ಇಲ್ಲಿ ಸೂರ್ಯೋದಯ. ಗಡಿಯಾರ ಮಾತ್ರ ಇಡೀ ದೇಶಕ್ಕೆ ಒಂದೇ. ಹಾಗಾಗಿ ಸಂಜೆ ಐದೂವರೆಗೆ ಸೂರ್ಯ ಮುಳುಗಿ, ಆರೂವರೆಗೆ ಕಗ್ಗತ್ತಲು. ನನ್ನಾಕೆ ಈ ಗಣಿತವನ್ನು ಕೇಳಿಸಿಕೊಂಡು, “ಹಾಗಾದ್ರೆ ನಮ್ಮ ಹಸುಗಳು ಇನ್ನೂ ಎದ್ದಿಲ್ಲ” ಎಂದಳು.

ಫೋನು ಮಾಡಿದೆವು. ಇಂಥ ದೂರದ ದ್ವೀಪದಲ್ಲಿ ಮಾತು ಸ್ಪಷ್ಟವಾಗಿ ಕೇಳಿದ್ದು ಆಶ್ಚರ್ಯ. 2020ರ ಆಗಸ್ಟ್‌ನಲ್ಲಿ ಚೆನ್ನೈನಿಂದ ಸಮುದ್ರದ ತಳದಲ್ಲಿ 2300 ಕಿ.ಮೀ. ಕೇಬಲ್ ಎಳೆದು ಪೋರ್ಟ್ ಬ್ಲೇರ್ ಮತ್ತು ಇನ್ನೂ ಏಳು ದ್ವೀಪಗಳಿಗೆ ಸಂಪರ್ಕ ಕೊಟ್ಟಿದ್ದಾರೆ. ತಮ್ಮ ಹೇಳಿದ: ಗಬ್ಬದ ಹಸು ಮೇವು ಸರಿಯಾಗಿ ತಿನ್ನುತ್ತಿಲ್ಲ, ಗಾಬರಿ ಏನಿಲ್ಲ. ‘ಗಾಬರಿ ಏನಿಲ್ಲ’ ಎಂದ ಮೇಲೆ ಗಾಬರಿ ಶುರುವಾಯಿತು.

ಮಾಶಿಯ ಮಾವನವರಿಗೆ ಎಂಬತ್ತರ ಆಸುಪಾಸು. ದಿನವೆಲ್ಲ ಅಡಿಕೆ ಮರದ ಕೆಳಗಿನ ಹಲಗೆಯ ಮೇಲೆ ಕೂತಿರುತ್ತಿದ್ದರು. ನನ್ನ ಮೇಷ್ಟರ ಹಿಂದಿಗೂ ಅವರ ಬಂಗಾಳಿ ಹಿಂದಿಗೂ ಹೊಂದಾಣಿಕೆಯಾಗಲು ಒಂದು ಸಂಜೆ ಹಿಡಿಯಿತು. ದೇಶ ವಿಭಜನೆಯಾದ ಮೇಲೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರನ್ನು 1949ರಿಂದ ಸರ್ಕಾರ ಹಡಗುಗಳಲ್ಲಿ ಅಂಡಮಾನಿಗೆ ತಂದು ನೆಲೆಗೊಳಿಸಿತು. ಹ್ಯಾವ್ಲಾಕ್, ನೀಲ್‌ಗಳಿಗೆ ಆಮೇಲಿನ ವರ್ಷಗಳಲ್ಲಿ. ಇವರ ಕುಟುಂಬ ಬರಿಸಾಲ್ ಕಡೆಯದು. ಎದೆಮಟ್ಟ ನೀರಿನಲ್ಲಿ ಭತ್ತ ಬೆಳೆಯುವ ನಾಡು. ಶಿಬಿರದಿಂದ ಶಿಬಿರಕ್ಕೆ ಅಲೆದು ಕೊನೆಗೆ ಇಲ್ಲಿ ಇಳಿದಾಗ ಇಡೀ ದ್ವೀಪ ದಟ್ಟ ಕಾಡು. ಮರ ಕಡಿದು, ಬೊಡ್ಡೆ ಸುಟ್ಟು, ಗದ್ದೆ ಮಾಡಿಕೊಂಡರು. ನಾಲ್ಕು ತಿಂಗಳು ಅಕ್ಕಿ ಸರ್ಕಾರದ್ದು, ಆಮೇಲೆ ಕೈ ಕೆಸರಿನದ್ದು.

“ನಿಮ್ಮ ಊರಿನ ನೆನಪಿದೆಯೇ?” ಎಂದೆ.

“ಅಲ್ಲಿ ನದಿ ಇತ್ತು” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಇಲ್ಲಿ ನದಿ ಇಲ್ಲ” ಎಂದರು.

ನಿಜ. ಮಳೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಹತ್ತಿರ, ನಮ್ಮ ಮಂಡ್ಯಕ್ಕಿಂತ ನಾಲ್ಕು ಪಟ್ಟು. ಆದರೆ ಹಿಡಿದಿಡಲು ನೀಲ್‌ನಲ್ಲಿ ಹೊಳೆಯಿಲ್ಲ. ನೆಲದ ಅಡಿ ಸುಣ್ಣಕಲ್ಲು. ಕುಂಟೆ, ಬಾವಿಗಳಲ್ಲಿ ನಿಂತದ್ದೇ ಬೇಸಿಗೆಯ ನೀರು.

ಊರುಗಳ ಹೆಸರು ಕೇಳಿ ನನ್ನಾಕೆಗೆ ಕುತೂಹಲ. ಸೀತಾಪುರ, ಭರತಪುರ, ಲಕ್ಷ್ಮಣಪುರ, ರಾಮನಗರ. ಇಷ್ಟು ಚಿಕ್ಕ ದ್ವೀಪದಲ್ಲಿ ಇಡೀ ರಾಮಾಯಣ. ಯಾಕೆ ಈ ಹೆಸರು ಎಂದು ನನ್ನ ಮೂಲಕ ಕೇಳಿಸಿದಳು. ಮುದುಕರು ಭುಜ ಹಾರಿಸಿದರು. ಯಾರೋ ಹಿರಿಯರು ಇಟ್ಟದ್ದು. ಇವಳು ತಾನೇ ಅರ್ಥ ಮಾಡಿಕೊಂಡಳು: “ಕಾಡಿಗೆ ಬಂದೋರಲ್ವಾ ಕಣ್ರೀ. ವನವಾಸದ ಲೆಕ್ಕ.” ಅದನ್ನು ಹಿಂದಿಗೆ ತಿರುಗಿಸಿ ಹೇಳಿದಾಗ ಮುದುಕರು ಹಲ್ಲಿಲ್ಲದ ಬಾಯಲ್ಲಿ ನಕ್ಕು, ಹದಿನಾಲ್ಕು ವರ್ಷವಾದ ಮೇಲೆ ಯಾರೂ ಕರೆಯಲು ಬರಲಿಲ್ಲ ಎಂದರು.

ಆ ಮನೆಯ ಕತೆಯಲ್ಲಿ ಇನ್ನೊಂದು ತಿರುವಿದೆ. ಜಮೀನು ಹಂಚುವಾಗ ಒಳಗಿನ ಕಪ್ಪು ಮಣ್ಣಿಗೆ ಎಲ್ಲರ ಆಸೆ. ಕಡಲಂಚಿನ ಮರಳುನೆಲ, ಉಪ್ಪುಗಾಳಿ, ಏನೂ ಬೆಳೆಯದ್ದು ಎಂದು ಯಾರೂ ಬಯಸುತ್ತಿರಲಿಲ್ಲ. ಇವರ ಪಾಲಿಗೆ ಅದೂ ಒಂದು ತುಂಡು ಬಂದು ತಂದೆ ಅತ್ತಿದ್ದರಂತೆ. ಪ್ರವಾಸಿಗರು ಬರತೊಡಗಿದ ಮೇಲೆ ಆ ತುಂಡಿಗೇ ಬಂಗಾರದ ಬೆಲೆ. ಹೊರಗಿನ ಹೋಟೆಲಿನವರು ಕೇಳಿದರು, ದೊಡ್ಡ ಮಗ ಮಾರಿಸಿದ. ಅವನೀಗ ಪೋರ್ಟ್ ಬ್ಲೇರಿನಲ್ಲಿದ್ದಾನೆ, ಚೆನ್ನಾಗಿದ್ದಾನೆ. ಮುದುಕರಿಗೆ ಮಾರಿದ್ದಕ್ಕೆ ದುಃಖವಿದ್ದಂತೆ ಕಾಣಲಿಲ್ಲ. ಅವರಿಗಿದ್ದ ಕೊರಗು ಬೇರೆ. ಮೊದಲು ಸಂಜೆ ಅಲ್ಲಿ ಹೋಗಿ ಕೂರುತ್ತಿದ್ದರಂತೆ. ಈಗ ಕಾವಲಿನವನು ಯಾರು ನೀವು ಎಂದು ಕೇಳುತ್ತಾನೆ.

ಇದನ್ನು ನಾನು ಕನ್ನಡಕ್ಕೆ ತಿರುಗಿಸಿ ಹೇಳುವಾಗ ನನ್ನಾಕೆ ಸೊಪ್ಪು ಬಿಡಿಸುತ್ತಿದ್ದಳು. ಏನೂ ಹೇಳಲಿಲ್ಲ. ರಾತ್ರಿ ಮಲಗುವಾಗ ಕೇಳಿದಳು: “ನಮ್ಮ ಹಲಸಿನ ಮರ ಇದ್ದ ಜಾಗ ಈಗ ರಸ್ತೇಲಿ ಎಲ್ಲಿಗೆ ಬತ್ತದೆ?” ಎಡಗಡೆಯ ಎರಡನೆಯ ಪಥ ಇರಬೇಕು ಎಂದೆ. ನಾನೂ ಒಮ್ಮೆ ಅಳೆದು ನೋಡಿದ್ದೆ ಎಂದು ಆಗಲೇ ಅವಳಿಗೆ ಗೊತ್ತಾದದ್ದು.

ನೀರು ಹಿಂದೆ ಸರಿದಾಗ

ನಾವಲ್ಲಿದ್ದದ್ದು ಅಮಾವಾಸ್ಯೆಯ ಮಗ್ಗುಲಲ್ಲಿ. ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬಂದಾಗ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು ಎಂಬುದು ಪಾಠ. ಮೂರನೆಯ ದಿನ ಮಧ್ಯಾಹ್ನದ ಮೇಲೆ ಲಕ್ಷ್ಮಣಪುರದ ಕಲ್ಲುಸೇತುವೆಯ ಹತ್ತಿರ ಹೋದೆವು. ಅಲೆಗಳು ಕೊರೆದು ಮಾಡಿದ ಆ ಕಮಾನನ್ನು ಊರವರು ತಮಾಷೆಗೆ ‘ಹೌರಾ ಸೇತುವೆ’ ಎನ್ನುತ್ತಾರೆ. ನೀರು ನೂರಾರು ಮೀಟರ್ ಹಿಂದೆ ಸರಿದು, ಹವಳದ ಹಾಸು ಬಯಲಾಗಿತ್ತು. ನಡುವೆ ಅಲ್ಲಲ್ಲಿ ಉಳಿದ ಗುಂಡಿಗಳಲ್ಲಿ ಒಂದೊಂದು ಪ್ರಪಂಚ. ಸೌತೆಕಾಯಿಯಂತೆ ಬಿದ್ದಿರುವ ಜೀವಿ, ನಕ್ಷತ್ರ ಮೀನು, ನೀಲಿ ತುಟಿಯನ್ನು ತೆರೆದು ಮುಚ್ಚುವ ದೊಡ್ಡ ಚಿಪ್ಪು, ಸತ್ತ ಶಂಖವನ್ನು ಮನೆ ಮಾಡಿಕೊಂಡು ಎಳೆದಾಡುವ ಏಡಿ. ಆ ಏಡಿ ದೊಡ್ಡದಾದಂತೆ ಹಳೆಯ ಶಂಖ ಬಿಟ್ಟು ಬೇರೆಯದಕ್ಕೆ ಹೋಗುತ್ತದೆ. ಬದಲಾಯಿಸುವ ಆ ಕ್ಷಣದಲ್ಲಿ ಅದರ ಮೈ ಬರಿದು. ಯಾವ ಹಕ್ಕಿಯಾದರೂ ಎತ್ತಿಕೊಂಡು ಹೋಗಬಹುದು.

ಹವಳವನ್ನು ಕಲ್ಲೆಂದು ತಿಳಿದ ಮಕ್ಕಳಿದ್ದಾರೆ, ದೊಡ್ಡವರೂ ಇದ್ದಾರೆ. ಅದು ಕೋಟ್ಯಂತರ ಸಣ್ಣ ಪ್ರಾಣಿಗಳು ಸುಣ್ಣದಿಂದ ಕಟ್ಟಿದ ವಠಾರ. ಬಣ್ಣ ಅವುಗಳದ್ದಲ್ಲ, ಬಹುಮಟ್ಟಿಗೆ ಅವುಗಳ ಮೈಯೊಳಗೆ ಬಾಡಿಗೆಗಿರುವ ಪಾಚಿಯದು. ಪಾಚಿ ಬಿಸಿಲಿನಿಂದ ಅಡುಗೆ ಮಾಡಿ ಬಾಡಿಗೆ ಕೊಡುತ್ತದೆ. ನೀರು ವಾರಗಟ್ಟಲೆ ಮಾಮೂಲಿಗಿಂತ ಒಂದೆರಡು ಡಿಗ್ರಿ ಬಿಸಿಯಾದರೆ ಹವಳ ಪಾಚಿಯನ್ನು ಹೊರಹಾಕಿ, ಬಿಳಿಚಿ, ಬಹಳ ದಿನ ಹಾಗೇ ಉಳಿದರೆ ಸಾಯುತ್ತದೆ. 2010ರಲ್ಲಿ ಅಂಡಮಾನಿನ ಹವಳಗಳಿಗೆ ಹೀಗೆ ದೊಡ್ಡ ಪೆಟ್ಟು ಬಿತ್ತು. ನಾವು ತುಳಿದು ನಡೆದದ್ದರಲ್ಲಿ ಹೆಚ್ಚಿನದು ಸತ್ತ ಹವಳ. ಬದುಕಿದ್ದರ ಮೇಲೆ ಕಾಲಿಡದಂತೆ ನಮ್ಮ ಜೊತೆ ಬಂದಿದ್ದ ಮಾಶಿಯ ಮೊಮ್ಮಗ ದಾರಿ ತೋರಿಸಿದ. ಎಂಟನೆಯ ತರಗತಿಯ ಹುಡುಗ. ಒಂದೊಂದು ಗುಂಡಿಗೂ ಅವನ ಹತ್ತಿರ ಒಂದೊಂದು ಕತೆ. ಹವಳವಾಗಲಿ, ಕೆಲವು ಬಗೆಯ ಚಿಪ್ಪಾಗಲಿ ಎತ್ತಿಕೊಂಡು ಬರುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ, ಹೊರಡುವಾಗ ಸಾಮಾನು ತಪಾಸಣೆಯೂ ಇದೆ. ಮಕ್ಕಳನ್ನು ಕರೆದುಕೊಂಡು ಹೋಗುವ ತಂದೆತಾಯಂದಿರು ಇದನ್ನು ಮೊದಲೇ ಹೇಳಿಕೊಟ್ಟರೆ ನಿಲ್ದಾಣದಲ್ಲಿ ಅಳು ತಪ್ಪುತ್ತದೆ.

2004ರ ಡಿಸೆಂಬರ್ 26ರಂದೂ ನೀರು ಹೀಗೆ ಹಿಂದೆ ಸರಿದಿತ್ತೇ ಎಂದು ಆ ಹುಡುಗನ ಅಪ್ಪನನ್ನು ಕೇಳಿದೆ. ಅಮಾವಾಸ್ಯೆಗೆ ಸರಿಯುವ ನೀರಿಗೆ ಹೊತ್ತುಗೊತ್ತು ಇರುತ್ತದೆ, ಅವತ್ತಿನದಕ್ಕೆ ಇರಲಿಲ್ಲ ಎಂದ. ಆ ಭೂಕಂಪದಲ್ಲಿ ದೇಶದ ದಕ್ಷಿಣ ತುದಿಯಾದ ಇಂದಿರಾ ಪಾಯಿಂಟ್‌ನ ನೆಲ ನಾಲ್ಕು ಮೀಟರಿಗೂ ಹೆಚ್ಚು ಕುಸಿದು, ಅಲ್ಲಿಯ ದೀಪಸ್ತಂಭದ ಬುಡಕ್ಕೆ ಸಮುದ್ರ ಬಂತು. ಸಾವುನೋವು ಬಹಳವಾದದ್ದು ನಿಕೋಬಾರಿನ ಕಡೆ.

ಹಿಂದಿರುಗುವಾಗ ಕತ್ತಲಾಗಿತ್ತು. ಗದ್ದೆಬದುವಿನ ಮೇಲೆ ನನ್ನಾಕೆ ಮುಂದೆ, ನಾನು ಹಿಂದೆ. ಪಾದದ ಊತ ಇಳಿದಿತ್ತು. “ಇನ್ನೂ ಎರಡು ದಿನ ಇರಾಣ್ವಾ?” ಎಂದು ನಾನೇ ಕೇಳಿದೆ. ದುಡ್ಡಿತ್ತು, ಕೋಣೆಯೂ ಖಾಲಿ ಇತ್ತು. ಅವಳು ಸ್ವಲ್ಪ ದೂರ ಸುಮ್ಮನೆ ನಡೆದು, “ನೀವು ಬೇಕಾದ್ರೆ ಇರಿ. ನಾನು ಹಸಿನ ಹತ್ರ ಹೋಗ್ಬೇಕು” ಎಂದಳು.

ಹೊರಡುವಾಗ ಮಾಶಿ ಕಾಗದದ ಪೊಟ್ಟಣದಲ್ಲಿ ಉದ್ದ ಬದನೆಯ ಬೀಜ ಕೊಟ್ಟರು. ಮುದುಕರು ಎದ್ದು ಬೇಲಿಯವರೆಗೆ ಬಂದರು. ಬರುವ ದಾರಿಯಲ್ಲಿ ಹಡಗಿನ ಮಾತನ್ನು ನಾನು ಎತ್ತಲಿಲ್ಲ. ವಿಮಾನದಲ್ಲಿ ಚೆನ್ನೈ, ಅಲ್ಲಿಂದ ರಾತ್ರಿ ರೈಲಿನಲ್ಲಿ ಬೆಂಗಳೂರು. ಹೋಗಲಿಚ್ಛಿಸುವವರಿಗೆ ಎರಡು ಮಾತು: ಹಡಗು ಹೊರಡುವ ದಿನ ಬಹಳ ಮುಂಚೆ ಗೊತ್ತಾಗುವುದಿಲ್ಲ, ಆದ್ದರಿಂದ ಕೈಯಲ್ಲಿ ನಾಲ್ಕೈದು ದಿನ ಹೆಚ್ಚಿಗೆ ಇಟ್ಟುಕೊಂಡವರು ಮಾತ್ರ ಆ ಆಸೆ ಪಡಬೇಕು. ಡಿಸೆಂಬರಿನಿಂದ ಏಪ್ರಿಲ್ ಒಳಗೆ ಸಮುದ್ರ ಶಾಂತ. ಹತ್ತು ಜಾಗ ನೋಡುವ ಬದಲು ಒಂದು ದ್ವೀಪದಲ್ಲಿ ಮೂರು ರಾತ್ರಿ ಉಳಿಯುವುದು ಮೇಲೆಂಬುದು ನನ್ನ ಅಭಿಪ್ರಾಯ. ಮಕ್ಕಳು ಒಪ್ಪಲಾರರು.

ಬೆಂಗಳೂರಿನಲ್ಲಿ ಮಗನ ಮನೆಯಲ್ಲಿ ಒಂದು ರಾತ್ರಿ ಉಳಿಯಬೇಕೆಂದಿತ್ತು. ಇವಳು ಮೊಮ್ಮಗಳನ್ನು ಎತ್ತಿಕೊಂಡು ಆಡಿಸಿ ಮಧ್ಯಾಹ್ನವೇ ಬಸ್ಸು ಹತ್ತಿಸಿದಳು. ವೇಗದ ಬಸ್ಸುಗಳು ಈಗ ನಮ್ಮೂರ ಮುಂದೆ ಬೇಲಿಯಾಚೆಯ ರಸ್ತೆಯಲ್ಲಿ ನಿಲ್ಲದೆ ಹೋಗುತ್ತವೆ. ನಾವು ಹತ್ತಿದ್ದು ಅಂಥದ್ದನ್ನೇ. ನಮ್ಮ ತೆಂಗಿನ ತೋಟ, ಉಳಿದಷ್ಟು, ಕಿಟಕಿಯಲ್ಲಿ ಕಂಡು ಮರೆಯಾಯಿತು. ಮದ್ದೂರಿನಲ್ಲಿ ಇಳಿದು, ಪಕ್ಕದ ರಸ್ತೆಯ ಲೋಕಲ್ ಬಸ್ಸಿನಲ್ಲಿ ವಾಪಸು ಬಂದೆವು.

ಚೀಲ ನನ್ನ ಕೈಗೆ ಕೊಟ್ಟು ಅವಳು ನೇರ ತಮ್ಮನ ಕೊಟ್ಟಿಗೆಗೆ ಹೋದಳು. ರಾತ್ರಿ ಎಂಟಕ್ಕೆ ಮಗ ಫೋನು ಮಾಡಿದ. ಜಮೀನು ಕೇಳಿದವರು ಮತ್ತೆ ಬಂದಿದ್ದಾರೆ, ಭಾನುವಾರ ಕರೆದುಕೊಂಡು ಬರಲೇ ಎಂದು. ನಾನು ಫೋನನ್ನು ಅವಳಿಗೆ ಕೊಟ್ಟೆ.

“ಹಸ ಈಯೋ ಹಾಗದೆ ಕಣಪ್ಪಾ” ಎಂದಳು. “ಈಗ ಬ್ಯಾಡ. ಕರು ಹಾಲು ಬಿಟ್ಟ ಮೇಲೆ ಮಾತಾಡಾಣ.”